ತಲೆ ಅವಳದು, ಹೊಟ್ಟೆ ನನ್ನದು

“ಹೊಟ್ಟೆ ಯಾರು ನೋಡ್ತಾರೆ ಅಕ್ಕ? ಮಕ್ಕಳು ನೋಡೋದು ಮುಖ!”

“ಓಹೋ! ಹಾಗಾದ್ರೆ ಬರೀ ಮುಖಾನೇ ಮಾರು. ಗೂಟಕ್ಕೆ ಸಿಕ್ಕಿಸಿ ಕೊಡು. ಹೊಟ್ಟೆ ಇಲ್ಲ, ಕುಂಡಿ ಇಲ್ಲ, ತಲೆ ಒಂದೇ. ಮಕ್ಕಳು ಹೌಹಾರಿ ಉಚ್ಚೆ ಹೊಯ್ಕೋತಾವೆ!”

“ನಾನೇನು ಹೊಟ್ಟೆ ಬೇಡ ಅಂದ್ನಾ?”

“ಅಂದೆ! ಈಗ ತಾನೇ ಅಂದೆ! ಕಿವಿ ಇದೆ ನಂಗೆ!”

ಕೈಯಲ್ಲಿದ್ದ ರಟ್ಟಿನ ಚೀಟಿಯನ್ನು ಅವಳ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದೆ. ಅಂಗೈಯಗಲದ ಚೀಟಿ. ಅದರಲ್ಲಿ ಇವಳು ಉಣ್ಣೆಯ ಕರಡಿಯೊಂದನ್ನು ಕೆನ್ನೆಗೆ ಒತ್ತಿಕೊಂಡು ಮೂವತ್ತೆರಡು ಹಲ್ಲೂ ತೋರಿಸುತ್ತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ ‘ನಿಮ್ಮ ಕರಡಿಯನ್ನು ಹೆಣೆದ ಕೈ ಇವರದು’ ಎಂದಿತ್ತು. ಆಟಿಕೆ ಅಂಗಡಿಯವನು ಒಂದು ಕಟ್ಟು ಅಚ್ಚು ಹಾಕಿಸಿ ಆ ದಿನ ಬೆಳಿಗ್ಗೆ ಬಾಗಿಲಲ್ಲಿಟ್ಟು ಓಡಿಹೋಗಿದ್ದ. ಇನ್ನು ಮೇಲೆ ಪ್ರತಿ ಕರಡಿಯ ಕಿವಿಗೂ ಇದನ್ನು ಕಟ್ಟಬೇಕಂತೆ.

ಚೀಟಿಯಲ್ಲಿ ಹಲ್ಲು ಕಿರಿಯುತ್ತಿದ್ದವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮನೆಯಲ್ಲಿ ಎಲ್ಲರೂ ಅವಳನ್ನು ಚಿಕ್ಕಿ ಎನ್ನುತ್ತಾರೆ. ಪಕ್ಕದ ಬೀದಿಯಲ್ಲಿ ಅವರ ಮನೆ. ಹನ್ನೊಂದು ವರ್ಷಗಳಿಂದ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದು ನಮ್ಮ ಮುಂದಿನ ಕೋಣೆಯಲ್ಲಿ ಕೂರುತ್ತಿದ್ದಳು. ಇಬ್ಬರೂ ಸೇರಿ ಕ್ರೋಶಾ ಕಡ್ಡಿಯಲ್ಲಿ ಗೇಣುದ್ದದ ಕರಡಿ ಹೆಣೆಯುತ್ತಿದ್ದೆವು. ತಲೆ, ಕಿವಿ, ಕಣ್ಣು, ಮೂತಿ ಅವಳ ಕೆಲಸ. ಹೊಟ್ಟೆ, ಬೆನ್ನು, ಕೈಕಾಲು ನನ್ನದು. ಕತ್ತು ಹೊಲಿದು ತಲೆಯನ್ನು ಮೈಗೆ ಕೂರಿಸುವುದೂ ನನ್ನದೇ. ಅಂದರೆ ಕೆಲಸದಲ್ಲಿ ಮುಕ್ಕಾಲು ನನ್ನದು. ಫೋಟೊದಲ್ಲಿ ನನ್ನ ಒಂದು ಉಗುರೂ ಇರಲಿಲ್ಲ.

“ಅಂಗಡಿಯವನು ಫೋಟೊ ತೆಗೆಯೋಕೆ ಬಂದ ದಿನ ನೀನು ಏನಂದೆ ನೆನಪು ಮಾಡ್ಕೋ,” ಎಂದಳು ಚಿಕ್ಕಿ. “ಪಾಪ, ‘ಸ್ವಲ್ಪ ನಗಿ ತಾಯಿ’ ಅಂದ. ‘ನಿನ್ನ ಹೆಣದ ಮುಂದೆ ನಗ್ತೀನಿ’ ಅಂದೆ.”

“ನನಗೆ ಹಲ್ಲುನೋವಿತ್ತು!”

“ಹಲ್ಲುನೋವಿಗೆ ನೂಲಿನುಂಡೆ ತೆಗೆದು ಅವನ ತಲೆಗೆ ಹೊಡೀತಾರಾ?”

“ಉಣ್ಣೆ ಅದು, ಕಲ್ಲಲ್ಲ!”

“ನಿನ್ನ ಕೈಗೆ ಬಂದ್ರೆ ಉಣ್ಣೆನೂ ಕಲ್ಲೇ,” ಎಂದರು ಅತ್ತೆ ಕಿಟಕಿಯ ಪಕ್ಕದಿಂದ.

ಅತ್ತೆಗೆ ಎಂಬತ್ತು ದಾಟಿದೆ. ಕಣ್ಣು ಅರ್ಧ ಹೋಗಿದೆ, ನಾಲಿಗೆ ಪೂರ್ತಿ ಇದೆ. ಕುರ್ಚಿಯಲ್ಲಿ ಕೂತು ನಮ್ಮ ಉಣ್ಣೆಯ ಸುರುಳಿ ಬಿಚ್ಚಿ ಉಂಡೆ ಮಾಡಿಕೊಡುವುದು ಅವರ ಕೆಲಸ. ನಮ್ಮಿಬ್ಬರ ಜಗಳ ಕೇಳುವುದು ಅವರ ಮನರಂಜನೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಚಿಕ್ಕಿಗೆ ಕಡ್ಡಿ ಹಿಡಿಯಲು ಕಲಿಸಿದವಳು ನಾನು. ನನಗೆ ಕಲಿಸಿದವರು ಶಾಲೆಯ ಕರಕುಶಲ ಟೀಚರು. ಕುಣಿಕೆ ತಪ್ಪಿದರೆ ಅದೇ ಕಡ್ಡಿಯಿಂದ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದರು. ಆ ಭಯಕ್ಕೆ ದಾರವನ್ನು ಬಿಗಿಯಾಗಿ ಎಳೆಯುವುದು ಅಭ್ಯಾಸವಾಗಿ, ಇವತ್ತಿಗೂ ನನ್ನ ಕೈ ಬಿಗಿ. ನಾನು ಹೆಣೆದದ್ದನ್ನು ನೀರಲ್ಲಿ ಹಾಕಿದರೆ ಮೂರು ದಿನವಾದರೂ ಒಳಗೆ ಒದ್ದೆಯಾಗುವುದಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಚಿಕ್ಕಿ ಮದುವೆಯಾಗಿ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದೆ. ಆರು ಕುಣಿಕೆಯಿಂದ ಶುರು ಮಾಡು, ಎರಡನೇ ಸುತ್ತಿಗೆ ಹನ್ನೆರಡು, ಆಮೇಲೆ ಹದಿನೆಂಟು, ಮೂವತ್ತಾರಕ್ಕೆ ನಿಲ್ಲಿಸು ಎಂದು ಒಂದೊಂದೇ ಹೇಳಿಕೊಟ್ಟೆ. ನಾನು ಗೆಣ್ಣಿಗೆ ಹೊಡೆಯಲಿಲ್ಲ, ಬರೀ ಬೈದೆ. ಬೈಗುಳ ಅವಳಿಗೆ ತಾಗುವುದೇ ಇಲ್ಲ. ಹಾಗಾಗಿ ಅವಳ ಕೈ ಸಡಿಲವಾಯಿತು.

ಸಡಿಲ ಎಂದರೆ ಎಷ್ಟು ಸಡಿಲ? ಮೊದಲ ವರ್ಷ ಅವಳು ಮಾಡಿದ ಹೊಟ್ಟೆಗಳ ಕುಣಿಕೆಗಳ ನಡುವಿನಿಂದ ಒಳಗಿನ ಹತ್ತಿ ಇಣುಕುತ್ತಿತ್ತು. ಕರಡಿಗೆ ಬೆಳ್ಳಗೆ ತೊನ್ನು ಹತ್ತಿದ ಹಾಗೆ. ಕೂರಿಸಿದರೆ ಮಗ್ಗುಲಿಗೆ ವಾಲುತ್ತಿತ್ತು. ನನ್ನ ಕರಡಿಗಳಿಗೆ ಬೇರೆ ಕಾಯಿಲೆ. ಮೈ ಗಟ್ಟಿಯಾಗಿ ನೆಟ್ಟಗೆ ಕೂರುತ್ತಿತ್ತು, ಮುಖ ಮಾತ್ರ ಜಪ್ತಿಗೆ ಬಂದ ಅಧಿಕಾರಿಯದು. ಒಂದು ಮಗು ನನ್ನ ಕರಡಿ ನೋಡಿ ಅಳುತ್ತ ಅಮ್ಮನ ಹಿಂದೆ ಅಡಗಿಕೊಂಡಿತಂತೆ. ಕೊನೆಗೆ ಅತ್ತೆಯೇ ಗುಡುಗಿದರು. “ಹೊಟ್ಟೆ ಅವಳು ಮಾಡ್ಲಿ, ತಲೆ ಇವಳು ಮಾಡ್ಲಿ, ನನ್ನ ತಲೆ ತಿನ್ನಬೇಡಿ.” ಹಾಗೆ ಪಾಲಾಯಿತು.

ಇಬ್ಬರದೂ ಒಂದೇ ನಂಬರಿನ ಕಡ್ಡಿ, ಒಂದೇ ಉಣ್ಣೆ, ಒಂದೇ ಮೂವತ್ತಾರು ಕುಣಿಕೆ. ಆದರೆ ಅವಳ ತಲೆ ನನ್ನ ಹೊಟ್ಟೆಗಿಂತ ದೊಡ್ಡದಾಗಿ ಬರುತ್ತಿತ್ತು. ದೊಡ್ಡ ತಲೆ, ಗಟ್ಟಿ ಕುಂಡಿ. ಎತ್ತಿ ಇಟ್ಟಲ್ಲಿ ಕೂರುವ, ಕೂತು ನಿಮ್ಮನ್ನೇ ನೋಡುವ ಕರಡಿ. ಜನ ಅದಕ್ಕೇ ಮರುಳಾದರು. ಆ ಅಳತೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳ ಸೋಮಾರಿತನ, ನನ್ನ ಸಿಟ್ಟು ಎರಡೂ ಸೇರಿ ಹುಟ್ಟಿದ ಅಳತೆ ಅದು.

“ಸರಿ,” ಎಂದೆ. ಬಾಯಿ ನನ್ನ ಮಾತು ಕೇಳುವುದು ನಿಲ್ಲಿಸಿ ಆಗಲೇ ಸ್ವಲ್ಪ ಹೊತ್ತಾಗಿತ್ತು. “ನೀನೊಂದು ಪೂರ್ತಿ ಕರಡಿ ಮಾಡು, ನಾನೊಂದು ಪೂರ್ತಿ ಕರಡಿ ಮಾಡ್ತೀನಿ. ತಲೆಯಿಂದ ಕಾಲಿನವರೆಗೆ. ಮುಂದಿನ ವಾರ ಆ ಹೆದರುಪುಕ್ಕಲ ಬಂದಾಗ ಎರಡನ್ನೂ ಮುಂದಿಡೋಣ. ಯಾವುದು ಕರಡಿ ಅಂತ ಅವನೇ ಹೇಳ್ಲಿ. ಗೆದ್ದವರ ಮುಖ ಚೀಟಿಗೆ.”

“ಅಕ್ಕ, ಹುಚ್ಚಾ ನಿಂಗೆ? ಚೀಟಿ ಬೇಡ ಅಂದ್ರೆ ಹರಿದುಹಾಕು.”

“ಹೆದರಿದೆ!”

“ಹೆದರಿಲ್ಲ. ಕೆಲಸ ಹಾಳು ಅಂತಿದೀನಿ.”

“ಹೆದರಿದೆ, ಹೆದರಿದೆ! ಅತ್ತೆ, ನೋಡಿ ಹೆದರಿದ್ಲು!”

“ನಂಗೆ ಕಾಣಲ್ಲ,” ಎಂದರು ಅತ್ತೆ. “ಆದರೂ ಆಗ್ಲಿ, ಮಾಡಿ. ಊಟ ಆದ್ಮೇಲೆ ನಂಗೂ ಹೊತ್ತು ಹೋಗಬೇಕಲ್ಲ.”

ಚಿಕ್ಕಿ ಒಪ್ಪಿದಳು. ಒಪ್ಪಿದ್ದು ನನಗೆ ಇಷ್ಟವಾಗಲಿಲ್ಲ. ಬೇಡ ಬೇಡ ಎಂದು ಇನ್ನೊಂದು ಸಲ ಹೇಳಿದ್ದರೆ ಬಿಟ್ಟುಬಿಡುತ್ತಿದ್ದೆ.

ಮರುದಿನದಿಂದ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತೆವು. ಅವಳ ಕಡ್ಡಿ ಸದ್ದು ಮಾಡುವುದಿಲ್ಲ. ನನ್ನದು ಪ್ರತಿ ಕುಣಿಕೆಗೂ ಕೀಚ್ ಎನ್ನುತ್ತದೆ. ಮೊದಲ ಎರಡು ದಿನದಲ್ಲಿ ಹೊಟ್ಟೆ, ಕೈ, ಕಾಲು ಮುಗಿಸಿ ಹತ್ತಿ ತುರುಕಿ ಮೇಜಿನ ಮೇಲೆ ಕುಕ್ಕಿದೆ. ಟಕ್ ಎಂದಿತು. ಹಿಂದೆ ತಿರುಗದೆಯೇ ಚಿಕ್ಕಿ, “ಮರ ಕೆತ್ತಿದೆಯಾ ಅಕ್ಕ?” ಎಂದಳು. “ನಿನ್ನದು ಕೂತಿದೆಯಾ, ಮಲಗಿದೆಯಾ?” ಎಂದೆ. “ಈಗಷ್ಟೇ ಎದ್ದು ಮತ್ತೆ ಮಲಗ್ತು,” ಎಂದಳು. ಇಬ್ಬರಿಗೂ ನಗು ಬಂತು. ನಾನು ಕೆಮ್ಮಿದ ಹಾಗೆ ಮಾಡಿದೆ.

ಮೂರನೇ ದಿನ ತಲೆಗೆ ಕೈ ಹಾಕಿದೆ. ಕೆಲಸ ಪಾಲಾದ ಮೇಲೆ ಇದೇ ಮೊದಲ ಸಲ. ಮೂವತ್ತಾರು ಕುಣಿಕೆ ಸರಿಯಾಗಿ ಎಣಿಸಿ ಹೆಣೆದೆ. ನಿಂಬೆಹಣ್ಣಿನಷ್ಟಾಯಿತು. ಮೈಯ ಮೇಲಿಟ್ಟರೆ ಮಡಕೆಯ ಮೇಲೆ ನೆಲ್ಲಿಕಾಯಿ ಇಟ್ಟ ಹಾಗೆ.

“ದಪ್ಪ ಕಡ್ಡಿ ತಗೊಳ್ಳೇ,” ಎಂದರು ನನ್ನ ಗಂಡ. ಅವರು ಬೀಗ ರಿಪೇರಿ ಮಾಡುವವರು. ಅಣ್ಣತಮ್ಮಂದಿರಿಬ್ಬರದೂ ಒಂದೇ ಅಂಗಡಿ. ಪ್ರಪಂಚದ ಎಲ್ಲ ಕಷ್ಟಕ್ಕೂ ಇನ್ನೊಂದು ಸೈಜಿನ ಕೀಲಿ ಇದೆ ಎಂದು ಅವರ ನಂಬಿಕೆ. ದಪ್ಪ ಕಡ್ಡಿ ತೆಗೆದುಕೊಂಡೆ. ದಾರ ಸಡಿಲವಾಯಿತೆಂದು ಬೆರಳಿಗೆ ಗಾಬರಿಯಾಗಿ ಇನ್ನೂ ಜೋರಾಗಿ ಎಳೆಯಿತು. ಮತ್ತೆ ನಿಂಬೆಹಣ್ಣು. ನಲವತ್ತೆಂಟು ಕುಣಿಕೆಗೆ ಏರಿಸಿದೆ. ಗಾತ್ರವೇನೋ ಬಂತು, ಆದರೆ ಅದು ತಲೆಯಲ್ಲ, ಕ್ರಿಕೆಟ್ ಚೆಂಡು.

ಆಮೇಲೆ ಕಣ್ಣು. ನಾವು ಹಾಕುವುದು ಕಪ್ಪು ಪ್ಲಾಸ್ಟಿಕ್ ಕಣ್ಣು. ಹಿಂದೆ ಮೊಳೆಯಂಥ ಕಡ್ಡಿ ಇರುತ್ತದೆ. ಅದನ್ನು ಹೊರಗಿನಿಂದ ತೂರಿಸಿ, ಒಳಗಿನಿಂದ ಒಂದು ಬಿಲ್ಲೆ ಒತ್ತಬೇಕು. ಟಿಕ್ ಎಂದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಮಗು ಕಚ್ಚಿ ಎಳೆದರೂ ಬರಬಾರದೆಂದೇ ಹಾಗೆ ಮಾಡಿದ್ದಾರೆ. ಹಾಗಾಗಿ ಒತ್ತುವ ಮೊದಲೇ ಎಲ್ಲಿ, ಎಷ್ಟು ಅಂತರ ಎಂದು ಗೊತ್ತಿರಬೇಕು. ಚಿಕ್ಕಿ ತಲೆಯನ್ನು ಒಮ್ಮೆ ಹೀಗೆ ಹಿಡಿದು ನೋಡಿ, ಯಾವಾಗ ಒತ್ತಿದಳೋ ತಿಳಿಯದ ಹಾಗೆ ಒತ್ತಿಬಿಡುತ್ತಾಳೆ. ನಾನು ಅಳತೆಪಟ್ಟಿ ಇಟ್ಟು ಒತ್ತಿದೆ. ಮೊದಲನೆಯದು ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ನೋಡಿತು. ಎರಡನೆಯದು ಮೀನು. ಮೂರನೆಯದನ್ನು ನೋಡಿ ನನ್ನ ಗಂಡ, “ಅರೆ, ಇದು ನಮ್ಮ ಸೋದರತ್ತೆ,” ಎಂದು ಕುರ್ಚಿಯಿಂದ ಬೀಳುವಷ್ಟು ನಕ್ಕರು. ಮೂರನ್ನೂ ಒಲೆಗೆ ಹಾಕಿದೆ. ಉಣ್ಣೆ ಸುಟ್ಟ ವಾಸನೆಗೆ ಅತ್ತೆ ಇಡೀ ದಿನ ಬೈದರು.

ಆರನೇ ದಿನ ಮಧ್ಯಾಹ್ನ ಚಿಕ್ಕಿ ಊಟಕ್ಕೆ ಅವಳ ಮನೆಗೆ ಹೋದಳು. ಅತ್ತೆ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದರು. ಮೂಲೆಯಲ್ಲಿ ಅವಳ ಬೆತ್ತದ ಬುಟ್ಟಿ. ಹಿಂದಿನ ವಾರದ ಸಿದ್ಧ ತಲೆಗಳೆಲ್ಲ ಅದರಲ್ಲಿದ್ದವು. ಇಪ್ಪತ್ತು ಇಪ್ಪತ್ತೈದು ಕರಡಿ ತಲೆ, ಎಲ್ಲವೂ ನನ್ನನ್ನೇ ನೋಡುತ್ತಿದ್ದವು.

ಮುಚ್ಚಿಡುವುದೇನಿದೆ, ಕದ್ದೆ.

ಮೇಲಿನದನ್ನು ತೆಗೆದರೆ ಗೊತ್ತಾಗುತ್ತದೆಂದು ತೋಳು ತೂರಿಸಿ ತಳದಿಂದ ಒಂದನ್ನು ಎಳೆದೆ. ಚೆನ್ನಾಗಿತ್ತು. ತಲೆ ಸ್ವಲ್ಪ ಓರೆ ಮಾಡಿ ಏನೋ ಕೇಳುತ್ತಿರುವ ಹಾಗಿತ್ತು. ಅವಳು ಹೊಲಿದ ಮೂಗಿನ ದಾರ ಬಿಚ್ಚಿ ನನ್ನ ಕೈಯಿಂದ ಬೇರೆ ಮೂಗು ಹೊಲಿದೆ. ಕಿವಿಗಳನ್ನು ಕಿತ್ತು ಅರ್ಧ ಬೆರಳು ಕೆಳಗೆ ಹಚ್ಚಿದೆ. ಕತ್ತು ಕೂರಿಸಿ ಗಂಟು ಹಾಕಿದೆ. ಇದೆಲ್ಲ ಮಾಡುವಾಗ ನನಗೆ ನಾಚಿಕೆಯಾಗಲಿಲ್ಲ. ಚಿಕ್ಕಿಯ ಮೇಲೆ ಸಿಟ್ಟು ಬರುತ್ತಿತ್ತು, ತಲೆಗಳನ್ನು ಬೀಗ ಹಾಕದೆ ಹಾಗೆ ಬಿಟ್ಟುಹೋಗಿದ್ದಕ್ಕೆ.

ಎಂಟನೇ ದಿನ ಅಂಗಡಿಯವನು ಬಂದ. ಬಾಗಿಲ ಹತ್ತಿರವೇ ನಿಂತ. ನನ್ನ ಕೈಯಲ್ಲಿ ಉಂಡೆ ಇಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು ಸ್ಟೂಲಿನ ತುದಿಗೆ ಕೂತ. ನನ್ನ ಗಂಡ ಊಟಕ್ಕೆ ಬಂದಿದ್ದವರು ತಟ್ಟೆ ಹಿಡಿದುಕೊಂಡೇ ಬಂದು ನಿಂತರು. ನನ್ನ ಕರಡಿ ಮೇಜಿನ ಮೇಲೆ ಟವಲಿನ ಕೆಳಗಿತ್ತು.

“ಮೊದಲು ನಂದು,” ಎಂದು ಚಿಕ್ಕಿ ಚೀಲದಿಂದ ಅವಳದನ್ನು ತೆಗೆದಳು.

ಅಯ್ಯೋ ಅದರ ಗತಿಯೇ! ಮುಖ ಚೆಲುವಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕತ್ತಿನ ಕೆಳಗೆ ಅನಾಹುತ. ಹೊಟ್ಟೆ ಜೋಲುತ್ತಿತ್ತು, ಕಾಲು ಒಂದು ಉತ್ತರಕ್ಕೆ ಒಂದು ದಕ್ಷಿಣಕ್ಕೆ, ಕುಣಿಕೆಗಳ ಸಂದಿಯಿಂದ ಹತ್ತಿ. ಮೇಜಿನ ಮೇಲೆ ಕೂರಿಸಿದಳು. ಅದು ಯೋಚನೆ ಮಾಡಿದ ಹಾಗೆ ಒಂದು ಕ್ಷಣ ನಿಂತು, ನಿಧಾನಕ್ಕೆ ಮುಂದೆ ಬಗ್ಗಿ ಮೂಗು ಕುಟ್ಟಿಕೊಂಡು ಬಿತ್ತು.

“ಕುಡಿದಿದೆ,” ಎಂದರು ನನ್ನ ಗಂಡ.

ಎಲ್ಲರಿಗಿಂತ ಜೋರಾಗಿ ನಕ್ಕವಳು ಚಿಕ್ಕಿ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಸೆರಗಿನಲ್ಲಿ ಒರೆಸಿಕೊಂಡಳು. “ಮೂರು ಸಲ ಬಿಚ್ಚಿ ಮೂರು ಸಲ ಮಾಡ್ದೆ ಅಕ್ಕ. ನನ್ನ ಕೈಯಲ್ಲಿ ಆಗಲ್ಲ. ನಿನ್ನ ಹೊಟ್ಟೆ ಇಲ್ಲದೆ ನನ್ನ ತಲೆ ನಿಲ್ಲಲ್ಲ.” ಅಂಗಡಿಯವನ ಕಡೆ ತಿರುಗಿದಳು. “ಅಣ್ಣಾ, ಆ ಚೀಟಿ ಎಲ್ಲಾ ವಾಪಸ್ ತಗೊಂಡು ಹೋಗಿ. ಇಬ್ಬರದೂ ಫೋಟೊ ಹಾಕಿ, ಇಲ್ಲಾಂದ್ರೆ ಯಾರದೂ ಬೇಡ. ನಗದಿದ್ರೂ ಪರವಾಗಿಲ್ಲ, ಅಕ್ಕನ್ನ ನಿಲ್ಲಿಸಿ.”

“ಹೂಂ ತಾಯಿ, ಹಾಗೇ ಆಗ್ಲಿ,” ಎಂದ ಅವನು. ಅವನಿಗೆ ಬದುಕಿ ಮನೆಗೆ ಹೋದರೆ ಸಾಕಾಗಿತ್ತು.

ನನಗೆ ಬೇಕಾಗಿದ್ದು ಅಷ್ಟೇ. ಅವಳ ಬಾಯಿಂದ, ನಾಲ್ಕು ಜನರ ಮುಂದೆ, ಕೇಳದೆಯೇ ಬಂದಿತ್ತು. ಆಗ ಟವಲಿನ ಸಮೇತ ನನ್ನದನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಒಲೆಗೆ ಹಾಕಿಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಕೈ ಚಾಚಿದೆ ಕೂಡ.

“ಇರು, ನಿಂದೂ ನೋಡೋಣ,” ಎಂದು ನನ್ನ ಗಂಡ ಎಂಜಲುಗೈಯಲ್ಲಿ ಟವಲು ಎಳೆದರು.

ಕರಡಿ ನೆಟ್ಟಗೆ ಕೂತಿತ್ತು. ತಲೆ ಓರೆ ಮಾಡಿಕೊಂಡು.

“ಆಹಾ!” ಎಂದ ಅಂಗಡಿಯವನು ಭಯ ಮರೆತು. “ಇದು ನೋಡಿ! ಏನೋ ಕೇಳ್ತಾ ಇದೆಯಲ್ಲ! ಇಷ್ಟು ವರ್ಷದಲ್ಲಿ ಹಿಂಗೆ ಓರೆ ನೋಟ ಒಂದರಲ್ಲೂ ಬಂದಿರಲಿಲ್ಲ. ಇನ್ನು ಮೇಲೆ ಎಲ್ಲಾ ಹಿಂಗೇ ಬೇಕು!”

“ಇದು ನೀನು ಮಾಡಿದ್ದಾ?” ಎಂದರು ನನ್ನ ಗಂಡ. ಸೋದರತ್ತೆಯನ್ನು ಕಂಡಿದ್ದವರು ಅವರು, ಅನುಮಾನ ಸಹಜ.

“ಇನ್ಯಾರು ಮಾಡ್ತಾರೆ, ನಿಮ್ಮಪ್ಪನಾ?” ಎಂದೆ.

ಚಿಕ್ಕಿ ಮುಖ ಅರಳಿಸಿಕೊಂಡು, “ಎಷ್ಟು ಚೆನ್ನಾಗಿದೆ ಅಕ್ಕ!” ಎಂದು ಕೈಗೆತ್ತಿಕೊಂಡಳು. ನಿಜವಾಗಿ ಖುಷಿಯಾಗಿದ್ದಳು. ಮೂಗು ಮುಟ್ಟಿದಳು, ಕಿವಿ ಮುಟ್ಟಿದಳು. ಆಮೇಲೆ ಹೆಬ್ಬೆರಳು ಎಡಗಣ್ಣಿನ ಮೇಲೆ ನಿಂತಿತು. ಕಣ್ಣಿನ ಮೇಲಿನ ಸುತ್ತುಗಳನ್ನು ಎಣಿಸಿದಳು. ಬಲಗಣ್ಣಿನ ಮೇಲಿನದನ್ನೂ ಎಣಿಸಿದಳು. ಅರಳಿದ್ದ ಮುಖ ಹಾಗೇ ಮುದುಡಿತು.

“ಅಕ್ಕ,” ಎಂದಳು ಮೆಲ್ಲಗೆ, “ಈ ತಲೆ ನಂದು.”

“ನಿಂದಂತೆ! ಹೆಸರು ಬರೆದಿದೆಯಾ?”

“ಎಡಗಣ್ಣು ಒಂದು ಸುತ್ತು ಕೆಳಗೆ ಬಿದ್ದಿದೆ. ಆವತ್ತು ಬಿಲ್ಲೆ ಒತ್ತಿ, ಹತ್ತಿ ತುಂಬಿ, ಹೊಲಿದ ಮೇಲೆ ನೋಡ್ಕೊಂಡೆ. ತೆಗೆಯೋಕೆ ಬರಲ್ಲವಲ್ಲ, ಕೆಟ್ಟದ್ದು ಅಂತ ಬುಟ್ಟಿ ತಳಕ್ಕೆ ಹಾಕಿದ್ದೆ.”

ನಾನು ಕದ್ದದ್ದು ಬುಟ್ಟಿಯಲ್ಲೇ ಅತಿ ಕೆಟ್ಟ ತಲೆಯನ್ನು. ಇಪ್ಪತ್ತೈದರಲ್ಲಿ ಅದೊಂದೇ ಗುರುತಿರುವ ತಲೆ. ಕಳ್ಳತನದಲ್ಲೂ ನನ್ನ ಕೈ ಎಷ್ಟು ದರಿದ್ರದ್ದು ನೋಡಿ.

“ನನ್ನ ಕಣ್ಣೂ ಓರೆ ಬಂದಿರಬಾರದಾ?” ಎಂದೆ. “ಓರೆ ಕಣ್ಣು ನಿನ್ನ ಸ್ವಂತ ಆಸ್ತಿಯಾ?”

“ನಿನ್ನ ಕುಣಿಕೆ ಹೀಗಿರುತ್ತಾ? ಬೆರಳಲ್ಲಿ ಒತ್ತಿ ನೋಡು. ಹೊಟ್ಟೆ ಕಲ್ಲು, ತಲೆ ಹಣ್ಣು. ಅತ್ತೆಗೆ ಕೊಡು, ಕಣ್ಣು ಕಾಣದವರೂ ಹೇಳ್ತಾರೆ.”

ಅತ್ತೆ ಕೈ ಚಾಚಿದರು. ಯಾರೂ ಕೊಡಲಿಲ್ಲ. “ಕೊಡೋದೇನು ಬೇಡ ಬಿಡಿ,” ಎಂದರು. “ಆವತ್ತು ನಾನು ಬಾಯಿ ಮಾತ್ರ ತೆಗೆದಿದ್ದೆ, ನಿದ್ದೆ ಬಂದಿರಲಿಲ್ಲ.”

ಅಂಗಡಿಯವನು ಎದ್ದು, ಗೋಡೆಗೆ ಬೆನ್ನು ಉಜ್ಜಿಕೊಂಡು, ಬಾಗಿಲು ದಾಟಿ ಮಾಯವಾದ. ನನ್ನ ಗಂಡ ತಟ್ಟೆಯನ್ನೇ ನೋಡುತ್ತಿದ್ದರು.

“ಕೇಳಿದ್ರೆ ಕೊಡ್ತಿದ್ನಲ್ಲ ಅಕ್ಕ,” ಎಂದಳು ಚಿಕ್ಕಿ. “ಒಂದಲ್ಲ, ಬುಟ್ಟಿ ಪೂರ್ತಿ ಕೊಡ್ತಿದ್ದೆ.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಳ್ಳಿ ಎಂದಿದ್ದರೆ ನಾನೂ ಎರಡು ಬೈದು, ಸಂಜೆಗೆ ಟೀ ಕುಡಿಸಿ ಸರಿ ಮಾಡಿಕೊಳ್ಳುತ್ತಿದ್ದೆ. ಹಾಗೆ ಮೆತ್ತಗೆ ಹೇಳಿದ್ದು ನನ್ನ ನೆತ್ತಿಗೇರಿತು.

“ಕೇಳೋದಾ? ನಾನು ನಿನ್ನ ಕೇಳೋದಾ? ನಿಂಗೆ ಕಡ್ಡಿ ಹಿಡಿಯೋದು ಕಲಿಸಿದ್ದು ಯಾರು? ಸೂಜಿಗೆ ದಾರ ಪೋಣಿಸೋಕೆ ಬರದೆ ಬಂದಿದ್ದೆ ಈ ಮನೆಗೆ! ನಿನ್ನ ತಲೆ ಒಂದೇ ಅಲ್ಲ, ನಿನ್ನ ಬೆರಳೇ ನಂದು. ನೀನು ಇಷ್ಟು ವರ್ಷ ಹೆಣೆದಿದ್ದೆಲ್ಲಾ ನಂದೇ! ನಂದನ್ನು ನಾನು ತಗೊಂಡ್ರೆ ಕಳ್ಳತನ ಹೇಗಾಗುತ್ತೆ?”

“ಸಾಕು ಸುಮ್ನಿರೇ,” ಎಂದರು ನನ್ನ ಗಂಡ.

“ನೀವು ಊಟ ಮಾಡಿ!”

ಚಿಕ್ಕಿ ಕರಡಿಯನ್ನು ಮೇಜಿನ ಮೇಲಿಟ್ಟಳು. ತಾನು ಮಾಡಿದ್ದು ಇನ್ನೂ ಮೂಗಿನ ಮೇಲೆ ಬಿದ್ದಿತ್ತು. ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡಳು. ಕಡ್ಡಿ ಹಾಕಿಕೊಂಡಳು. ತಲೆಗಳ ಬುಟ್ಟಿಯ ಕಡೆ ನೋಡಿದಳು, ಮುಟ್ಟಲಿಲ್ಲ.

“ಅತ್ತೆ, ಬರ್ತೀನಿ,” ಎಂದಳು. ನನಗೆ ಹೇಳಲಿಲ್ಲ.

ಚಪ್ಪಲಿ ಹಾಕಿಕೊಳ್ಳುವಾಗ ಕಾಲು ತಪ್ಪಿ ಎಡದ್ದು ಬಲಕ್ಕೆ ಹೋಗಿ, ಬಗ್ಗಿ ಸರಿ ಮಾಡಿಕೊಳ್ಳಬೇಕಾಯಿತು. ಅಷ್ಟು ಹೊತ್ತು ಸಿಕ್ಕಿತ್ತು ನನಗೆ. ಒಂದು ಮಾತು ಆಡಲು ಬೇಕಾದಷ್ಟು ಹೊತ್ತು. ಬಾಯಿ ತೆರೆದೆ.

“ಹೋಗು ಹೋಗು! ನಾಳೆ ಒಂಬತ್ತಕ್ಕೆ ಬಾಲ ಮುದುರ್ಕೊಂಡು ಬರ್ತೀಯ! ನಾನಿಲ್ಲದೆ ಒಂದು ಕುಂಡಿ ಮಾಡೋಕೆ ಬರಲ್ಲ ನಿಂಗೆ!”

ಬೀದಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿ ನೋಡಿದರು. ಚಿಕ್ಕಿ ತಿರುಗಲಿಲ್ಲ. ಮೂಲೆಯಲ್ಲಿ ಒಂದು ಸೈಕಲ್ಲಿಗೆ ದಾರಿ ಬಿಟ್ಟು, ರಸ್ತೆ ದಾಟಿ, ಗೋಡೆಯ ಆಚೆಗೆ ಹೋದಳು.

“ಹೋಗಿ ಕರ್ಕೊಂಡು ಬಾರೇ,” ಎಂದರು ಅತ್ತೆ.

“ಅವಳೇ ಬರ್ತಾಳೆ.”

ಬಾಗಿಲು ಹಾಕದೆ ಬಿಟ್ಟೆ. ಸಂಜೆಯಾಯಿತು. ಬಾಗಿಲು ಹಾಕು, ಸೊಳ್ಳೆ ಬರುತ್ತವೆ ಎಂದು ಅತ್ತೆ ಎರಡು ಸಲ ಕೂಗಿದರು. ಹಾಕಲಿಲ್ಲ. ಸೊಳ್ಳೆ ಬಂದವು. ಅವಳು ಬರಲಿಲ್ಲ. ಮರುದಿನ ಒಂಬತ್ತಕ್ಕೂ ಬರಲಿಲ್ಲ, ಆಮೇಲೂ ಬರಲಿಲ್ಲ.